ಒಂದು ರಿವಾಲ್ವರ್ ಮಾರಾಟವಾಗದೆ ಹೋದ ಬಗೆ

ಆ ಅಮ್ಮ ಕೈಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟಾಗ ಒಳಗೆ ಮೆಣಸಿನಕಾಯಿ ಇರಬೇಕು ಅಂದುಕೊಂಡೆ. ಬ್ಯಾಡಗಿಯವರು ಏನಾದರೂ ಕೆಲಸ ಹಿಡಿದುಕೊಂಡು ಬಂದರೆ ಬರಿಗೈಯಲ್ಲಿ ಬರುವುದು ಕಡಿಮೆ. ಮೆಣಸಿನಕಾಯಿ ಇದ್ದವು ಕೂಡ. ಅವುಗಳ ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ರಿವಾಲ್ವರ್ ಇತ್ತು.

"ನಮ್ಮ ಯಜಮಾನ್ರದರಿ," ಅಂದರು. "ಅವರು ಹೋಗಿ ವರ್ಷ ಆಗಾಕ ಬಂತು. ಇನ್ನ ಈ ಪೀಡಾ ಮನ್ಯಾಗ ಬ್ಯಾಡ ಅಂತ ತಂದೆ."

ನಮ್ಮದು ರಾಣೆಬೆನ್ನೂರಿನಲ್ಲಿ ಬಂದೂಕು, ಮದ್ದುಗುಂಡು ಮಾರುವ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅದರ ಪರವಾನಗಿ ನನ್ನ ಹೆಸರಿಗಾಯಿತು. ಬಾಗಿಲಲ್ಲಿ ನಿಂತು "ಯಜಮಾನ್ರು ಇಲ್ರೀ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ. ನಾನೇ ಅಂದರೆ ಒಮ್ಮೆ ಬೋರ್ಡು ನೋಡಿ, ಒಮ್ಮೆ ನನ್ನನ್ನು ನೋಡಿ, ಅನುಮಾನದಿಂದಲೇ ಒಳಗೆ ಬರುತ್ತಾರೆ. ಈ ಅಮ್ಮ ಹಾಗೆ ಕೇಳಲಿಲ್ಲ. ಹೆಂಗಸು ನಡೆಸುವ ಅಂಗಡಿ ಎಂದು ಯಾರೋ ಹೇಳಿದ್ದಕ್ಕೇ ಧೈರ್ಯ ಮಾಡಿ ಬಂದಿದ್ದರಂತೆ. ಅವರ ಯಜಮಾನರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದವರು. ಸುಗ್ಗಿಯಲ್ಲಿ ರೊಕ್ಕ ತುಂಬಿದ ಚೀಲ ಹಿಡಿದು ಓಡಾಡಬೇಕಾಗುತ್ತದೆ ಎಂದು ಲೈಸೆನ್ಸ್ ಮಾಡಿಸಿಕೊಂಡಿದ್ದರು.

"ಬಸ್ಸಿನ್ಯಾಗ ತಂದ್ರೇನ್ರಿ ಅಮ್ಮಾರ?"

"ಹೂನವಾ. ತೊಡಿ ಮ್ಯಾಲೆ ಇಟಗೊಂಡು ಕುಂತಿದ್ದೆ. ಬಾಳ ಗದ್ದಲಿತ್ತು."

ಟವೆಲು ಬಿಚ್ಚಿದೆ. ನಳಿಗೆಯನ್ನು ಮೂಲೆಯಲ್ಲಿದ್ದ ಮರಳಿನ ಪೆಟ್ಟಿಗೆಯ ಕಡೆ ತಿರುಗಿಸಿ, ಬೆರಳನ್ನು ಕುದುರೆಯಿಂದ, ಅಂದರೆ ಟ್ರಿಗರಿನಿಂದ, ದೂರವಿಟ್ಟು, ಮೇಲಿನ ಕೊಂಡಿ ಒತ್ತಿ ಕೆಳಕ್ಕೆ ಬಾಗಿಸಿದೆ. ಈ ಜಾತಿಯ ರಿವಾಲ್ವರ್ ಹಾಗೆ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಒಳಗೆ ಗುಂಡು ಇದ್ದರೆ ತಾವೇ ಮೇಲೆದ್ದು ಹೊರಗೆ ಬೀಳುತ್ತವೆ. ಬಿದ್ದವು, ಆರೂ. ಒಂದು ಉರುಳಿ ಹೋಗಿ ಅಮ್ಮನ ಮುಂದೆ ನಿಂತಿತು.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ತುಂಬಿತ್ತೇನವಾ? ನನಗ ಯಾರೂ ಹೇಳಲಿಲ್ಲಲ್ಲ."

ಯಾರೂ ಹೇಳುವುದಿಲ್ಲ. ಗಂಡಸರು ಲೈಸೆನ್ಸ್ ಮಾಡಿಸುತ್ತಾರೆ, ಬಂದೂಕು ತರುತ್ತಾರೆ, ಮದುವೆ ಮನೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾರೆ. ತಾವು ಸತ್ತ ಮೇಲೆ ಅದನ್ನು ಏನು ಮಾಡಬೇಕು ಎಂದು ಹೆಂಡತಿಗೆ ಹೇಳಿಟ್ಟು ಹೋದ ಒಬ್ಬನನ್ನೂ ನಾನು ಕಂಡಿಲ್ಲ. ಲೈಸೆನ್ಸು ಮನುಷ್ಯನದು, ಮನೆಯದಲ್ಲ. ಅವನ ಜೊತೆಗೆ ಅದೂ ತೀರಿಹೋಗುತ್ತದೆ. ಮನೆಯವರು ತಡಮಾಡದೆ ಠಾಣೆಗೆ ತಿಳಿಸಿ, ಆಯುಧವನ್ನು ಅಲ್ಲಿಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಬೇಕು. ಇಟ್ಟುಕೊಂಡರೆ ಅದು ಅಪರಾಧ. ಇದನ್ನು ಅವರಿಗೆ ಬಿಡಿಸಿ ಹೇಳಿದೆ.

"ಹಂಗಾರ ಇಷ್ಟ ದಿನ ನಾ ಕಳ್ಳಿ ಆಗಿ ಕುಂತಿದ್ದೆನೇನವಾ?"

"ಇವತ್ತ ಅದನ್ನ ಸರಿ ಮಾಡೂಣು, ಕುಂದರ್ರಿ."

ಠಾಣೆಗೆ ಫೋನು ಮಾಡಿದೆ. ಇಬ್ಬರು ಬಂದು ನೋಡಿದರು, ಆಯುಧದ ಮೇಲಿನ ನಂಬರನ್ನು ಹಳೆಯ ಲೈಸೆನ್ಸಿನ ಜೊತೆ ತಾಳೆ ಮಾಡಿದರು, ಅಮ್ಮನ ಹೇಳಿಕೆ ಬರೆದುಕೊಂಡರು. ವಯಸ್ಸು ನೋಡಿ, ತಾನಾಗಿ ತಂದು ಒಪ್ಪಿಸಿದ್ದನ್ನು ನೋಡಿ, ಅಂಗಡಿಯಲ್ಲೇ ಠೇವಣಿ ಇಡಲು ಒಪ್ಪಿದರು. ರಿವಾಲ್ವರನ್ನು ಒಂದು ತಿಜೋರಿಯಲ್ಲಿ, ಗುಂಡುಗಳನ್ನು ಇನ್ನೊಂದರಲ್ಲಿ ಇಟ್ಟು ರಸೀದಿ ಕೊಟ್ಟೆ. ಅಮ್ಮ ಮೆಣಸಿನಕಾಯಿಯನ್ನು ಮೇಜಿನ ಮೇಲೆ ಸುರಿದು, ಖಾಲಿ ಚೀಲ ಮಡಚಿಕೊಂಡು ಹೋದರು.

ಮುಂದಿನದೆಲ್ಲ ಕಾಗದದ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇಬ್ಬರು ಹೆಣ್ಣುಮಕ್ಕಳ ಒಪ್ಪಿಗೆ, ಅದನ್ನು ಮಾರಲು ಅನುಮತಿ ಕೋರಿ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಅಮ್ಮನ ಪರವಾಗಿ ಓಡಾಡಿದವನು ಅವರ ಮೈದುನ. ಅಣ್ಣ ಸತ್ತ ಮೇಲೆ ದಲಾಲಿ ಅಂಗಡಿ ಅವನ ಕೈಯಲ್ಲೇ ಇತ್ತು. ಅನುಮತಿ ಬಂದದ್ದೇ ತಡ, ಗಿರಾಕಿಯನ್ನೂ ಅವನೇ ಕರೆತಂದ.

ಗಿರಾಕಿ ಕುಮಾರಪಟ್ಟಣದ ಕಡೆಯ ಲಾರಿ ಮಾಲೀಕ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. ಕೈಬಂದೂಕಿನ ಲೈಸೆನ್ಸ್ ಆಗಲೇ ಮಂಜೂರಾಗಿತ್ತು, ಆದರೆ ಕೊಂಡಿರಲಿಲ್ಲ. ಮಂಜೂರಾದ ಮೇಲೆ ಕೊಳ್ಳುವುದಕ್ಕೆ ಒಂದು ಅವಧಿ ಇರುತ್ತದೆ. ಅದು ಮುಗಿಯುತ್ತ ಬಂದಿತ್ತು. ಅದಕ್ಕೇ ಅವಸರ.

"ಲೈಸೆನ್ಸಿನ ಫೋಟೋ ನಿಮ್ಮ ವಾಟ್ಸಾಪಿಗೆ ಕಳಸೇನಲ್ರಿ ಮೇಡಂ," ಅಂದ ಮೈದುನ. "ಮತ್ತೇನ ಬೇಕು? ಬಾಂಡ್ ಪೇಪರ ತಂದೇನಿ. ಬರಕೊಂಡು ಇವತ್ತ ಒಯ್ಯತೇವಿ."

"ಫೋಟೋ ಕೊಟ್ರ ನಾನೂ ರಿವಾಲ್ವರಿನ ಫೋಟೋ ಕೊಡತೇನ್ರಿ," ಅಂದೆ. "ಇದು ಮೋಟಾರ್ ಸೈಕಲ್ ಅಲ್ಲ. ಬಾಂಡ್ ಪೇಪರಿಗೆ ಇಲ್ಲಿ ಕಿಮ್ಮತ್ತಿಲ್ಲ."

ಲಾರಿ ಮಾಲೀಕ ನಕ್ಕು, ಅಸಲು ಲೈಸೆನ್ಸ್ ತೆಗೆದು ಮುಂದಿಟ್ಟ. ನಾನು ನೋಡಬೇಕಾದದ್ದನ್ನೆಲ್ಲ ನೋಡಿದೆ. ಮುಖ ಮತ್ತು ಫೋಟೋ ಒಂದೇ ಇದೆಯೇ, ಯಾವ ಜಾತಿಯ ಆಯುಧಕ್ಕೆ ಮಂಜೂರಾತಿ, ಯಾವ ಪ್ರದೇಶಕ್ಕೆ ಅನ್ವಯ, ಅವಧಿ ಇದೆಯೇ, ಈಗಾಗಲೇ ಅವನ ಹೆಸರಿನಲ್ಲಿ ಬೇರೆ ಆಯುಧಗಳಿವೆಯೇ. ಲೈಸೆನ್ಸಿಗೆ ಕೊಟ್ಟ ಗುರುತಿನ ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ನೋಡಿದೆ. ಲೈಸೆನ್ಸಿನ ಪುಸ್ತಕ ಖೊಟ್ಟಿ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಎಲ್ಲವೂ ಸರಿ ಇತ್ತು. ನಾನು ಈ ಕಥೆಯನ್ನು ಕಹಿಯಾಗಿ ಹೇಳುತ್ತಿರುವುದಕ್ಕೆ ಅದೇ ಕಾರಣ. ಎಲ್ಲವೂ ಸರಿ ಇತ್ತು.

"ಈಗೇನು ಅಡ್ಡಿ?" ಅಂದ ಮೈದುನ.

ಖಾಸಗಿಯವರು ಖಾಸಗಿಯವರಿಗೆ ಆಯುಧ ಮಾರುವುದಾದರೆ ಯಾರಿಗೆ ಮಾರುತ್ತೇವೆ ಎಂದು ಹೆಸರು ವಿಳಾಸ ಸಮೇತ ಮೊದಲೇ ಬರೆದು ತಿಳಿಸಬೇಕು, ತಿಳಿಸಿದ ಮೇಲೆ ನಲವತ್ತೈದು ದಿನ ಕಾಯಬೇಕು, ಆಮೇಲೆ ಕೈ ಬದಲಿಸಬೇಕು. ಇದನ್ನು ಹೇಳಿದಾಗ ಮೈದುನನ ಮುಖ ಸಣ್ಣದಾಯಿತು. "ನಮ್ಮ ನಮ್ಮವರೊಳಗ ಇದೆಲ್ಲಾ ಯಾಕ್ರೀ?" ಅಂದ.

"ನಮ್ಮ ನಮ್ಮವರೊಳಗ ಅಂತ ಕೊಟ್ಟದ್ದಕ್ಕ ಜೇಲ್ ಕಂಡವರ ನನಗ ಗೊತ್ತದಾರ್ರಿ. ತಗೊಂಡವರ ಕೈಯಾಗಿಂದ ಏನಾರ ಆದ್ರ ಪೊಲೀಸ್ರು ಮೊದಲ ಬರೂದು ನಂಬರ್ ಯಾರ ಹೆಸರಿಲೆ ಐತಿ ಅವರ ಮನಿಗೆ. ಅಂದ್ರ ನಿಮ್ಮ ವೈನಿ ಮನಿಗೆ."

ಲಾರಿ ಮಾಲೀಕ ಒಪ್ಪಿದ. ಒಮ್ಮೆ ಕೈಯಲ್ಲಿ ಹಿಡಿದು ನೋಡಬಹುದೇ ಎಂದು ಕೇಳಿದ. ಮಡಚಿ, ಖಾಲಿ ಇರುವುದನ್ನು ತೋರಿಸಿ, ಕೊಟ್ಟೆ. ಅವನು ತೂಕ ನೋಡಿ, ತಿರುಗಿಸಿ, ನಗುತ್ತ ಅದನ್ನು ಮೈದುನನ ಹಣೆಗೆ ಹಿಡಿದ. ಮೈದುನನೂ ನಕ್ಕ. ನಾನು ಕೈ ಚಾಚಿ ವಾಪಸು ತೆಗೆದುಕೊಂಡೆ. ಖಾಲಿ ಇದ್ದರೂ ಮನುಷ್ಯರ ಕಡೆ ಹಿಡಿಯಬಾರದು ಎಂಬುದು ಈ ಧಂದೆಯ ಮೊದಲ ಪಾಠ. ಅವನಿಗೆ ಅದನ್ನು ಹೇಳಿದೆ. "ತಪ್ಪಾತ್ರಿ," ಅಂದ, ಅದೇ ಮೆತ್ತನೆಯ ದನಿಯಲ್ಲಿ. ಇಂಥದ್ದನ್ನು ಹತ್ತು ಗಿರಾಕಿಗಳಲ್ಲಿ ನಾಲ್ಕು ಜನ ಮಾಡುತ್ತಾರೆ. ನಾನು ಅಲ್ಲಿಗೇ ಬಿಟ್ಟೆ.

ಅಮ್ಮನ ಸಹಿ ಹಾಕಿಸಿ ಸೂಚನಾ ಪತ್ರ ಹಾವೇರಿಗೆ ಹೋಯಿತು. ಕಾಯುವ ಅವಧಿ ಶುರುವಾಯಿತು.

ಅದರ ನಡುವೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಮೂವತ್ತೈದರ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ದರ್ಜಿಯ ಅಂಗಡಿಯ ಪ್ಲಾಸ್ಟಿಕ್ ಚೀಲ. ನಿಂತೇ ಮಾತಾಡಿದಳು.

"ಕುಮಾರಪಟ್ಟಣದ ಕಡೆಯವರೊಬ್ರು ನಿಮ್ಮ ಹತ್ರ ರಿವಾಲ್ವರ ತಗೊಳ್ಳಾಕತ್ತಾರಲ್ರಿ ಅಕ್ಕಾರ. ನಾ ಅವರ ಮನಿಯಾಕಿ."

ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಅದು ನಮ್ಮ ಮನಿಗೆ ಬರಬಾರದ್ರಿ."

ಯಾಕೆ ಎಂದು ಕೇಳಿದೆ. ಆಕೆ ಚೀಲವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯ ಎರಡು ಬೆರಳು ಚಾಚಿ ತನ್ನ ಕಿವಿಯ ಮೇಲ್ಭಾಗಕ್ಕೆ ಇಟ್ಟು ತೋರಿಸಿದಳು. "ದಿನಾ ಹಿಂಗ ಮಾಡ್ತಾರ್ರಿ. ಊಟಕ್ಕ ಕುಂತಾಗ, ಮಲಗೂ ಮುಂದ. ಮಾಡಿ, ಇನ್ನೊಂದೀಟ ದಿನ ತಡಿ, ಖರೇದು ಬರತೈತಿ ಅಂತಾರ. ಮೊದಲ ಕೈಲೆ ಬಡೀತಿದ್ರು. ಈಗ ಬಡಿಯೂದ ಬಿಟ್ಟಾರ. ಬರೇ ಇದೊಂದ ಮಾಡ್ತಾರ."

ಆಕೆಯ ದನಿಯಲ್ಲಿ ಅಳು ಇರಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು.

"ಠಾಣೆಗೆ ಹೇಳ್ರಿ," ಅಂದೆ.

"ಒಮ್ಮೆ ಹೋಗಬೇಕಂತ ಹೊಂಟಿದ್ದೆ. ತವರಮನ್ಯಾಗ, ಕಾಗಿನೆಲಿ ಹತ್ರ ನಮ್ಮ ತವರು, ಅಲ್ಲೆ ಹಿರಿಯಾರು ಕೂಡಿ ರಾಜಿ ಮಾಡಿ ಕಳಿಸಿದ್ರು. ಕಾಗದದ ಮ್ಯಾಲೆ ಏನೂ ಇಲ್ಲ. ಲೈಸೆನ್ಸಿನ ವಿಚಾರಣೆಗೆ ಪೊಲೀಸ್ರು ಬಂದಾಗ ನಾನ ಚಾ ಮಾಡಿ ಕೊಟ್ಟೇನಿ. ಏನಾರ ತಕರಾರ ಐತೇನವಾ ಅಂತ ಕೇಳಿದ್ರು. ನಮ್ಮವರು ಬಾಜೂಕ ಕುಂತಿದ್ರು. ಇಲ್ರಿ ಅಂದೆ."

ಬಾಗಿಲ ಕಡೆ ತಿರುಗಿದವಳು ಮತ್ತೆ ನಿಂತಳು. "ನಾ ಬಂದಿದ್ದೆ ಅಂತ ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ನಾ ಇಲ್ಲ ಅಂತೇನಿ. ನಿಮ್ಮ ಕಡೆ ಹೆಂಗಾರ ಮಾಡಾಕ ಆದ್ರ ಮಾಡ್ರಿ."

ಹೆಂಗಾರ ಮಾಡ್ರಿ. ಕಾನೂನಿನ ಯಾವ ಕಲಮಿನಲ್ಲೂ ಇಲ್ಲದ ಮಾತು ಅದು. ನಮ್ಮಂಥ ಅಂಗಡಿಗಳಲ್ಲಿ ಕ್ಯಾಮೆರಾ ಕಡ್ಡಾಯ. ಆಕೆ ಹೋದ ಮೇಲೆ ತೆಗೆದು ನೋಡಿದೆ. ದನಿ ಇರಲಿಲ್ಲ. ಆದರೆ ಆಕೆಯ ಮುಖ, ಕಿವಿಗೆ ಹೋದ ಎರಡು ಬೆರಳು, ಎಲ್ಲ ಸ್ಪಷ್ಟ ಇತ್ತು. ಅಳಿಸಿಹೋಗಬಾರದು ಎಂದು ಅದನ್ನು ನನ್ನ ಫೋನಿಗೆ ಇಳಿಸಿಕೊಂಡೆ.

ಹಾವೇರಿಗೆ ಹೋದೆ. ಪರವಾನಗಿ ಶಾಖೆಯ ಗುಮಾಸ್ತರು ಒಳ್ಳೆಯವರೇ. ಹೆಸರಿಲ್ಲದೆ, ಆಧಾರವಿಲ್ಲದೆ ಒಬ್ಬರ ಲೈಸೆನ್ಸ್ ತಡೆಯಲಾಗದು ಎಂದು ಸಮಾಧಾನದಿಂದಲೇ ಹೇಳಿದರು.

"ವಿಚಾರಣಾ ವರದಿ ಸ್ವಚ್ಛ ಐತಿ ಮೇಡಮ್ಮಾರ. ಒಂದ ಕೇಸ್ ಇಲ್ಲ, ಒಂದ ತಕರಾರ ಇಲ್ಲ. ನಿಮಗೇನಾರ ಗೊತ್ತಿದ್ರ ಬರದ ಕೊಡ್ರಿ. ಆದ್ರ ಬರದ ಕೊಟ್ರ ಅದರದೊಂದ ಪ್ರತಿ ಅವರಿಗೆ ಹೋಗತೈತಿ. ಅವರ ಮಾತ ಕೇಳದ ನಾವು ಮುಂದ ಹೋಗಾಕ ಬರೂದಿಲ್ಲ."

ಅದರಲ್ಲಿ ತಪ್ಪು ಹುಡುಕಲು ನನಗೆ ಬರುವುದಿಲ್ಲ. ನಾಳೆ ಯಾರೋ ನನ್ನ ಅಂಗಡಿಯ ಮೇಲೆ ಬರೆದರೆ ನನಗೂ ಪ್ರತಿ ಬೇಕು. ಅಲ್ಲಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ಕೊನೆಗೆ ಬರೆದೆ. ಹೆಣ್ಣುಮಗಳು ಬಂದದ್ದನ್ನು ಬರೆಯಲಿಲ್ಲ. ಖರೀದಿದಾರನು ಅಂಗಡಿಯಲ್ಲಿ ಆಯುಧವನ್ನು ಮನುಷ್ಯರ ಕಡೆ ಹಿಡಿದ, ಅವನ ಮನೆಯವರ ಸುರಕ್ಷತೆಯ ಬಗ್ಗೆ ನನಗೆ ಶಂಕೆ ಇದೆ, ಮನೆಯವರನ್ನು ಬೇರೆಯಾಗಿ ವಿಚಾರಿಸಿ ಮರುಪರಿಶೀಲನೆ ಆಗಬೇಕು, ಇಷ್ಟು. ಮಾರುವ ಅಂಗಡಿಯವಳೇ ಮಾರಾಟಕ್ಕೆ ತಕರಾರು ಬರೆದುಕೊಟ್ಟದ್ದನ್ನು ಗುಮಾಸ್ತರು ಎರಡು ಸಲ ಓದಿದರು.

ಪ್ರತಿ ಕೈಗೆ ಸೇರಿದ ದಿನವೇ ಲಾರಿ ಮಾಲೀಕ ಬಂದ. ಸಿಟ್ಟಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

"ನಮ್ಮ ಮನಿಯಾಕಿ ಇಲ್ಲಿಗೆ ಬಂದಿದ್ಲೇನ್ರಿ?"

"ಇಲ್ಲ."

"ಮತ್ತ ಮನಿ ಸುದ್ದಿ ಯಾಕ ಬಂತು ಇದರಾಗ?"

"ನೀವು ರಿವಾಲ್ವರ ಹಿಡದ ರೀತಿ ನೋಡಿ ಬರದೇನಿ."

ಅವನು ತಲೆ ಎತ್ತಿ ಕ್ಯಾಮೆರಾ ನೋಡಿದ. "ಅದರಾಗ ಎಷ್ಟ ದಿನದ್ದು ಇರತೈತ್ರಿ?"

"ಅದನ್ನ ಪೊಲೀಸ್ರು ಕೇಳಿದ್ರ ಅವರಿಗೆ ತೋರಸತೇನಿ. ನಿಮಗ ತೋರಸಾಕ ಬರೂದಿಲ್ಲ."

"ಇರಲಿ ಬಿಡ್ರಿ," ಎಂದು ಎದ್ದು ಹೋದ. ಆ "ಇರಲಿ" ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವನ ಮನೆಗೆ ಫೋನು ಮಾಡುವ ಹಾಗಿಲ್ಲ, ಆಕೆಯ ನಂಬರು ನನ್ನ ಬಳಿ ಇಲ್ಲ, ಇದ್ದರೂ ಮಾಡಬಾರದು. ಆ ವಾರವೆಲ್ಲ ಪೇಪರು ಬಂದ ಕೂಡಲೇ ಜಿಲ್ಲೆಯ ಸುದ್ದಿಯ ಪುಟವನ್ನು ಮೊದಲು ತೆಗೆಯುತ್ತಿದ್ದೆ.

ಹಾವೇರಿಯಿಂದ ವಿಚಾರಣೆಗೆ ಕರೆ ಬಂತು. ಅಧಿಕಾರಿಗಳ ಕೋಣೆಯ ಹೊರಗೆ ಅವನು ಹೆಂಡತಿಯ ಜೊತೆಗೇ ಕೂತಿದ್ದ. ಆಕೆ ಹೊಸ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿ, ಗುರುತಿಲ್ಲದವರನ್ನು ನೋಡುವ ಹಾಗೆ ದೃಷ್ಟಿ ಮುಂದಕ್ಕೆ ಸರಿಸಿದಳು.

ಅಧಿಕಾರಿಗಳು ನನ್ನ ಪತ್ರ ಓದಿ, ನಾನು ಕೇಳಿಕೊಂಡಂತೆಯೇ ಗಂಡನನ್ನು ಹೊರಗೆ ಕಳಿಸಿದರು. ಆಕೆಯನ್ನು ಕೂರಿಸಿ, ನೀರು ಕೊಡಿಸಿ ಕೇಳಿದರು.

"ಮನ್ಯಾಗ ನಿಮಗೇನಾರ ಹೆದರಿಕಿ ಐತೇನಮ್ಮಾ? ಇಲ್ಲೆ ಹೇಳ್ರಿ, ಇಲ್ಲೇ ಇರತೈತಿ."

"ಏನೂ ಇಲ್ರಿ ಸಾಹೇಬ್ರ. ಚಲೋ ಅದೇವಿ."

"ಈ ಅಂಗಡಿಯವರು ನಿಮಗ ಗೊತ್ತೇನು?"

"ಇವತ್ತ ನೋಡಿದ್ದು."

ಹೇಳಿದ್ದಳಲ್ಲ, ಇಲ್ಲ ಅಂತೇನಿ ಎಂದು. ಹೇಳಿದಂತೆ ನಡೆದುಕೊಂಡಳು. ಬಾಗಿಲಿನ ಮಬ್ಬುಗಾಜಿನಾಚೆ ಅವನ ಬಿಳಿ ಅಂಗಿ ಕಾಣುತ್ತಿತ್ತು. ಅಧಿಕಾರಿಗಳು ನನ್ನ ಕಡೆ ತಿರುಗಿದರು. "ನಿಮ್ಮ ಶಂಕೆಗೆ ಆಧಾರ ಏನು? ಸುಮ್ಮನ ಒಬ್ಬರ ಮನಿ ವಿಷಯ ಹಿಂಗ ಬರದ ಕೊಡಾಕ ಬರೂದಿಲ್ಲ."

ಫೋನು ನನ್ನ ಕೈಯಲ್ಲೇ ಇತ್ತು. ಒಂದು ಸಲ ಬೆರಳಾಡಿಸಿದರೆ ಸಾಕು, ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂಬುದೂ ನಾನು ಖರೆ ಎಂಬುದೂ ಒಟ್ಟಿಗೇ ತಿಳಿಯುತ್ತಿತ್ತು. ಲೈಸೆನ್ಸು ನಿಲ್ಲುತ್ತಿತ್ತೋ ಏನೋ. ಆದರೆ ಏಕೆ ನಿಂತಿತು ಎಂದು ಆದೇಶದಲ್ಲಿ ಬರೆಯಬೇಕು, ಆ ಆದೇಶದ ಪ್ರತಿ ಅವನಿಗೆ ಹೋಗಬೇಕು. ಆಕೆ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು. ಅದರಲ್ಲಿ ಏನಿದೆ ಎಂದು ಆಕೆಗೆ ಗೊತ್ತಾಯಿತು ಎಂದೇ ನನ್ನ ನಂಬಿಕೆ. ಕತ್ತನ್ನು ಕಂಡೂ ಕಾಣದಷ್ಟು ಅಲ್ಲಾಡಿಸಿದಳು. ಬ್ಯಾಡ.

ಸಂಜೆ ಅವನ ಜೊತೆ ಆ ಮನೆಗೆ ಹೋಗಬೇಕಾದವಳು ಅವಳು, ನಾನಲ್ಲ.

"ಬೇರೆ ಆಧಾರ ಇಲ್ರಿ," ಅಂದೆ. "ಅವರು ರಿವಾಲ್ವರ ಹಿಡದ ರೀತಿ ನೋಡಿ ಬರದೇನಿ."

ಅಧಿಕಾರಿಗಳಿಗೆ ಬೇಸರವಾಯಿತು, ಆಗುವಂಥದ್ದೇ. ಪರವಾನಗಿ ಪಡೆದ ವ್ಯಾಪಾರಿಗಳು ಜವಾಬ್ದಾರಿಯಿಂದ ಬರೆಯಬೇಕು ಎಂದು ಎಚ್ಚರಿಕೆ ಕೊಟ್ಟು, ತಕರಾರನ್ನು ಮುಕ್ತಾಯ ಮಾಡಿದರು. ಕಾಯುವ ಅವಧಿಯೂ ಮುಗಿಯುವುದರಲ್ಲಿತ್ತು. ಹೊರಗೆ ಬಂದಾಗ ಲಾರಿ ಮಾಲೀಕ ಕೈ ಮುಗಿದ. "ಹಂಗಾರ ಮುಂದಿನ ವಾರ ಬರತೇನ್ರಿ ಮೇಡಂ, ತಗೊಂಡ ಹೋಗಾಕ."

ಬಸ್ ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರಿನ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಕಾನೂನಿನ ಪುಸ್ತಕದಲ್ಲಿ ಇರುವುದೆಲ್ಲ ಯಾರು ಮಾರಬಹುದು, ಯಾರಿಗೆ ಮಾರಬಹುದು, ಎಷ್ಟು ಕಾಯಬೇಕು ಎಂಬುದೇ. ಆಯುಧ ನನ್ನದಲ್ಲ, ನನ್ನ ಬಳಿ ಠೇವಣಿ ಇದ್ದದ್ದು. ಅದರ ಒಡತಿ ಬ್ಯಾಡಗಿಯಲ್ಲಿದ್ದರು. ಮಾರಲೇಬೇಕು ಎಂದು ಅವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಇಷ್ಟು ಸರಳವಾದದ್ದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಮಾರುವವರ ಮನೆಯಲ್ಲಿ ಹುಟ್ಟಿದವಳಿಗೆ ಹೊಳೆಯುವಂಥದ್ದೂ ಅಲ್ಲ. ಬ್ಯಾಡಗಿಯ ಬಸ್ಸು ಹತ್ತಿದೆ.

ಮೆಣಸಿನಕಾಯಿ ಬರುವ ಕಾಲ. ಊರು ಸೇರುವ ಮೊದಲೇ ಘಾಟು ಮೂಗಿಗೆ ಬಡಿದು, ಬಸ್ಸಿನಲ್ಲಿ ಹೊಸಬರೆಲ್ಲ ಕೆಮ್ಮತೊಡಗಿದರು. ಅಮ್ಮನ ಮನೆ ಮಾರುಕಟ್ಟೆಯಿಂದ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ. ಅವರು ನನ್ನನ್ನು ಕಂಡು ಗಾಬರಿಯಾದರು. ಮತ್ತೆ ಏನಾದರೂ ಅಪರಾಧವಾಯಿತೇ ಎಂದು.

"ಏನೂ ಆಗಿಲ್ರಿ. ಒಂದ ಮಾತ ಹೇಳಿ ಹೋಗಾಕ ಬಂದೇನಿ," ಅಂದೆ. "ರಿವಾಲ್ವರ ಮಾರಾಕ ನಿಮಗ ಪರವಾನಗಿ ಐತಿ. ಆದ್ರ ಮಾರಬೇಕಂತ ಜುಲುಮಿ ಇಲ್ಲ. ಬ್ಯಾಡ ಅನಿಸಿದ್ರ ಸರ್ಕಾರಕ್ಕ ಒಪ್ಪಿಸಬಹುದು. ಅವರು ಅದನ್ನ ಯಾರಿಗೂ ಕೊಡದ ನಾಶ ಮಾಡ್ತಾರ."

ಅವರು ನನ್ನ ಮುಖವನ್ನೇ ನೋಡಿದರು. "ಯಾಕ ಹೇಳಾಕತ್ತಿ ಇದನ್ನ?"

"ಯಾಕ ಅಂತ ಹೇಳಾಕ ಬರೂದಿಲ್ರಿ ಅಮ್ಮಾರ. ಮಾತು ಕೊಟ್ಟೇನಿ."

ಅವರು ಎದ್ದು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ನಾನು ಕುಡಿದು ಮುಗಿಸಿದೆ. ಆಮೇಲೆ, "ತಗೊಳ್ಳಾಂವಗ ಹೆಂಡ್ತಿ ಅದಾಳೇನು?" ಎಂದು ಕೇಳಿದರು.

ನಾನು ಖಾಲಿ ಲೋಟವನ್ನು ಕೆಳಗಿಟ್ಟೆ.

"ತಿಳೀತು ಬಿಡು," ಅಂದರು. "ನಮ್ಮವರು ಕೆಟ್ಟವರಲ್ಲವಾ. ಒಂದ ದಿನ ನನ್ನ ಕಡೆ ಹಿಡದಿಲ್ಲ ಅದನ್ನ. ಆದ್ರ ದಿಂಬಿನ ಬುಡಕ ಇಟಗೊಂಡು ಮಲಗತಿದ್ರು. ಜಗಳ ಆದ ದಿನ ನಾ ಏನರ ಎದುರ ಮಾತಾಡಬೇಕಂದ್ರ ಮೊದಲ ದಿಂಬ ನೋಡತಿದ್ದೆ. ನೋಡಿ ಸುಮ್ಮನಾಗತಿದ್ದೆ. ಹಂಗ ಸುಮ್ಮನಾಗಿ ಆಗಿ, ಕಡೀಕ ಮಾತಾಡೂ ಚಟಾನ ಹೋತು. ಅವರಿಗೆ ಅದು ಗೊತ್ತ ಇರಲಿಲ್ಲ. ನಮ್ಮಾಕಿ ಬಾಳ ಶಾಂತ ಅಂತ ಊರ ಮುಂದ ಹೇಳತಿದ್ರು."

ಅಷ್ಟರಲ್ಲಿ ಮೈದುನ ಊಟಕ್ಕೆ ಬಂದ. ಅಮ್ಮ ನಿಂತ ನಿಲುವಿನಲ್ಲೇ ಅವನಿಗೆ ಹೇಳಿದರು. "ಆ ರಿವಾಲ್ವರ ಮಾರೂದಿಲ್ಲ. ಸರ್ಕಾರಕ್ಕ ಕೊಡತೇನಿ."

ಅವನು ಮೊದಲು ನನ್ನನ್ನು ನೋಡಿದ. "ಇವರು ಬಂದು ಹೇಳಿಕೊಟ್ರೇನು? ವೈನಿ, ನಾ ಮಾತ ಕೊಟ್ಟೇನಿ. ಸೀಜನ್ನಿನ್ಯಾಗ ನಮ್ಮ ಮಾಲ ಎತ್ತಾಕ ಲಾರಿ ಕಳಸಾವ ಅವನ. ನಾಳೆ ಅವನ ಮುಂದ ನಾ ಹೆಂಗ ನಿಂದರಲಿ?"

"ಮಾತ ಕೊಟ್ಟಾಂವ ನೀನು. ವಸ್ತು ನಂದು."

"ಅಂಗಡಿ ನಡಸಾಂವ ಯಾರು ಹಂಗಾರ?"

"ಅದನ್ನೂ ತಿಳಕೊಂಡ ಮಾತಾಡಾಕತ್ತೇನಿ," ಅಂದರು ಅಮ್ಮ.

ಅವನು ಊಟ ಮಾಡದೆ ಹೊರಟುಹೋದ. ತಡ ಬೇಡವೆಂದು ನಾನು ಅಲ್ಲೇ ಕೂತು ಅಮ್ಮನ ಹೆಸರಿನಲ್ಲಿ ಎರಡು ಪತ್ರ ಬರೆದೆ. ಮಾರಾಟದ ಸೂಚನೆ ಹಿಂಪಡೆದಿದ್ದೇನೆ ಎಂದು ಒಂದು, ಆಯುಧವನ್ನು ಸರ್ಕಾರಕ್ಕೆ ಒಪ್ಪಿಸುತ್ತೇನೆ ಎಂದು ಒಂದು. ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಮನಸ್ಸಿಲ್ಲ ಅಂತ ಬರಿ," ಅಂದರು. ಹಾಗೆಯೇ ಬರೆದೆ.

ಒಪ್ಪಿಸುವ ದಿನ ಅಮ್ಮ ಬಂದರು. ಠಾಣೆಯವರ ಎದುರಿಗೆ ತಿಜೋರಿ ತೆಗೆದೆ. ಅವರು ನಂಬರು ಓದಿ, ರಿವಾಲ್ವರನ್ನೂ ಆರು ಗುಂಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದರು. ಅಮ್ಮ ಅರಗು ಒಣಗುವವರೆಗೂ ನಿಂತು ನೋಡಿದರು.

ಇದನ್ನು ಗೆಲುವು ಎಂದು ಹೇಳಿ ಮುಗಿಸುವ ಆಸೆ ನನಗೂ ಇದೆ. ಆದರೆ ಆದದ್ದು ಬೇರೆ. ಮೈದುನ ಆ ಸುಗ್ಗಿಯಲ್ಲೇ ದಲಾಲಿ ಅಂಗಡಿಯ ಬೋರ್ಡಿನಿಂದ ಅಣ್ಣನ ಹೆಸರು ತೆಗೆಸಿದ. ಅಮ್ಮ ಹುಬ್ಬಳ್ಳಿಯಲ್ಲಿರುವ ಹಿರಿಯ ಮಗಳ ಮನೆಗೆ ಹೋದರು ಎಂದು ಕೇಳಿದೆ. ಕುಮಾರಪಟ್ಟಣದ ಕಡೆಯಿಂದ, ನದಿಯ ದಂಡೆಯ ಹೊಲಗಳಿಂದ ಬೆಳೆ ಕಾಯುವ ಬಂದೂಕಿಗೆ ಕಾಡತೂಸು ಒಯ್ಯಲು ಬರುತ್ತಿದ್ದ ರೈತರು ಬರುವುದು ಬಿಟ್ಟರು. ಆ ಅಂಗಡಿಯವಳು ಗಿರಾಕಿಗಳ ಮನೆಯ ಒಳಗಿನದನ್ನೆಲ್ಲ ಸರ್ಕಾರಕ್ಕೆ ಬರೆಯುತ್ತಾಳೆ ಎಂದು ಸುದ್ದಿಯಾಗಿತ್ತು. ಅಪ್ಪನ ಕಾಲದಿಂದ ಬರುತ್ತಿದ್ದ ಒಬ್ಬ ಮುದುಕರು ಮಾತ್ರ ಬಂದು, ಹೊರಗೆ ಆಟೋ ನಿಲ್ಲಿಸಿಕೊಂಡೇ ಲಗೂ ಲಗೂ ತೆಗೆದುಕೊಂಡು ಹೋದರು.

ಲಾರಿ ಮಾಲೀಕ ಖರೀದಿಯ ಅವಧಿಯನ್ನು ವಿಸ್ತರಿಸಿಕೊಂಡ. ಅದಕ್ಕೂ ನಿಯಮದಲ್ಲಿ ಅವಕಾಶವಿದೆ. ಬೇರೆ ಜಿಲ್ಲೆಯ ಅಂಗಡಿಯಲ್ಲಿ ಹೊಸ ಪಿಸ್ತೂಲು ಕೊಂಡ. ಆ ಅಂಗಡಿಯವರು ಲೈಸೆನ್ಸ್ ನೋಡಿರುತ್ತಾರೆ, ಗುರುತಿನ ಸಂಖ್ಯೆ ಹಾಕಿ ನೋಡಿರುತ್ತಾರೆ. ಎಲ್ಲ ಸರಿ ಇದ್ದಿರುತ್ತದೆ. ಅವರನ್ನು ನಾನು ಏನೆಂದು ದೂರಲಿ?

ಇದು ನನಗೆ ತಿಳಿದದ್ದು ಅವನೇ ಬಂದಾಗ. ಬೆಳಗಿನ ಹೊತ್ತು, ಅಂಗಡಿ ತೆಗೆದು ಹೆಚ್ಚು ಹೊತ್ತಾಗಿರಲಿಲ್ಲ. ಕಾರು ನಿಂತಿತು. ಅವನು ಇಳಿದು, ಆ ಕಡೆಯ ಬಾಗಿಲು ತೆಗೆದು ಹೆಂಡತಿಯನ್ನೂ ಇಳಿಸಿಕೊಂಡು ಒಳಗೆ ಕರೆತಂದ.

"ನಮ್ಮ ಮನಿಯಾಕಿರಿ," ಅಂದ.

ಹಾವೇರಿಯಲ್ಲಿ ನೋಡಿದ್ದೇನೆ ಅಂದೆ.

"ಅಲ್ಲೆ ಮಾತ ಆಗಿರಲಿಲ್ಲಲ್ರಿ. ಪರಿಚಯ ಆಗಲಿ ಅಂತ ಕರಕೊಂಡ ಬಂದೆ. ನಮಸ್ಕಾರ ಮಾಡು ಅಕ್ಕಾರಿಗೆ."

ಆಕೆ ಕೈ ಜೋಡಿಸಿದಳು. ನಾನೂ ಜೋಡಿಸಿದೆ. ಮೊದಲ ಸಲ ಭೇಟಿಯಾದವರ ಹಾಗೆ ನಾವಿಬ್ಬರೂ ಅವನ ಎದುರಿಗೆ ನಿಂತೆವು. ತೆಳ್ಳಗಾಗಿದ್ದಳು. ಮೈಮೇಲೆ ಎಲ್ಲೂ ಗಾಯವಿರಲಿಲ್ಲ. ಇರುವುದಿಲ್ಲ. ಆಕೆಯೇ ಹೇಳಿದ್ದಳಲ್ಲ, ಬಡಿಯುವುದು ಬಿಟ್ಟಿದ್ದಾರೆ ಎಂದು.

ಅವನು ಲೈಸೆನ್ಸನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಹೊಸ ಪಿಸ್ತೂಲಿನ ನಂಬರು ಅದರಲ್ಲಿ ಬಿದ್ದಿತ್ತು. "ಒಂದ ಡಬ್ಬಿ ಗುಂಡ ಕೊಡ್ರಿ. ಹತ್ತರದ ಅಂಗಡಿ ಬಿಟ್ಟು ದೂರ ಯಾಕ ಹೋಗಬೇಕು?"

ಅವನ ಲೈಸೆನ್ಸಿನ ಮಿತಿಯೊಳಗೇ ಇತ್ತು ಅವನು ಕೇಳಿದ್ದು. ನನ್ನ ಕಪಾಟಿನಲ್ಲಿ ಆ ಅಳತೆಯ ಡಬ್ಬಿಗಳು ಅವನಿಗೆ ಕಾಣುವ ಹಾಗೇ ಇದ್ದವು.

"ನಿಮಗ ಕೊಡೂದಿಲ್ರಿ," ಅಂದೆ.

"ಯಾಕ? ಲೈಸೆನ್ಸಿನ್ಯಾಗ ಏನರ ತಪ್ಪೈತೇನು?"

"ತಪ್ಪಿಲ್ಲ. ಕೊಡೂದಿಲ್ಲ."

ಅವನು ಹೆಂಡತಿಯ ಕಡೆ ತಿರುಗಿ, ನೋಡಿದಿಯಾ ಎಂಬಂತೆ ಹುಬ್ಬು ಎತ್ತಿದ, ಅಷ್ಟೇ. ಆಕೆ ಮೇಜಿನ ಹತ್ತಿರ ಬಂದಳು.

"ಕೊಟ್ಟಬಿಡ್ರಿ ಅಕ್ಕಾರ," ಅಂದಳು. "ನಿಮ್ಮ ಕಾಲ ಬೀಳತೇನಿ. ಕೊಟ್ಟಬಿಡ್ರಿ."

ನನಗೆ ಅರ್ಥವಾಯಿತು. ನಾನು ಇಲ್ಲ ಅಂದದ್ದರ ಲೆಕ್ಕ ಮನೆಯಲ್ಲಿ ಆಕೆಯಿಂದ ತೀರುತ್ತದೆ. ಕೊಟ್ಟರೆ ಅದರ ಲೆಕ್ಕ ಎಲ್ಲಿ ತೀರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಅಲ್ಲಿಯವರೆಗೆ ಆಕೆ ಏನು ಹೇಳಿದ್ದಳೋ ಅದನ್ನೆಲ್ಲ ಕೇಳಿದ್ದೆ. ಯಾರಿಗೂ ಹೇಳಬೇಡ ಅಂದಾಗ ಹೇಳಲಿಲ್ಲ, ಹಾವೇರಿಯಲ್ಲಿ ಬೇಡ ಅಂದಾಗ ತೋರಿಸಲಿಲ್ಲ. ಈ ಮಾತೊಂದನ್ನು ಕೇಳಲು ಆಗಲಿಲ್ಲ. ಲೈಸೆನ್ಸನ್ನು ಮಡಚಿ ಅವನ ಕಡೆ ಸರಿಸಿದೆ.

"ಹೋಗಲಿ," ಅಂದ ಅವನು, ಮೆತ್ತಗೆ. "ದಾವಣಗೇರಿ ಎಷ್ಟ ದೂರ ಐತಿ? ನಡಿ."

ಅವನು ಮುಂದೆ ಹೋಗಿ ಕಾರಿನಲ್ಲಿ ಕೂತ. ಆಕೆ ಹೊಸ್ತಿಲಾಚೆ ಚಪ್ಪಲಿ ಮೆಟ್ಟುವಾಗ ಒಮ್ಮೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕೃತಜ್ಞತೆಯೂ ಇರಲಿಲ್ಲ. ಬೆಲೆ ಕೇಳಿ, ತಮಗೆ ಎಟುಕುವುದಲ್ಲ ಎಂದು ತಿಳಿದು ಅಂಗಡಿ ಇಳಿಯುವವರು ನೋಡುತ್ತಾರಲ್ಲ, ಹಾಗೆ ನೋಡಿ ಹೋದಳು.